ನರಕೋಶ ಎಣಿಸಿದ ಹುಡುಗಿ



ಪಿಯುಸಿ ಮುಗಿಸಿ ಕಾಲೇಜಿಗೆ ಹೊರಟ ಅಕ್ಕನೋ ಅಣ್ಣನೋ ನಿಮ್ಮ ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರೆ. ಹೊಸ ಬ್ಯಾಗು, ಹಾಸ್ಟೆಲ್ಲಿಗೆ ಚಟ್ನಿಪುಡಿಯ ಡಬ್ಬ, ಬಸ್ ಪಾಸಿಗೆ ಫೋಟೊ. ಈ ಸಡಗರದ ನಡುವೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಮುಂದೆ ಏನಾಗ್ತೀಯಮ್ಮ?” ಮೊದಲೆಲ್ಲ ಡಾಕ್ಟರು, ಎಂಜಿನಿಯರು ಎಂಬ ಉತ್ತರ ಬರುತ್ತಿತ್ತು. ಈಗೀಗ ಕೆಲವು ಮಕ್ಕಳು, “ಮಿದುಳಿನ ಬಗ್ಗೆ ಸಂಶೋಧನೆ ಮಾಡ್ತೀನಿ” ಎನ್ನುತ್ತಾರೆ. ನೆನಪು ಎಲ್ಲಿ ಉಳಿಯುತ್ತದೆ, ಮರೆವು ಏಕೆ ಬರುತ್ತದೆ, ಕನಸು ಹೇಗೆ ಹುಟ್ಟುತ್ತದೆ, ಇವನ್ನೆಲ್ಲ ತಿಳಿಯಬೇಕೆಂಬ ಆಸೆ ಅವರಿಗೆ.

ಆಸೆ ದೊಡ್ಡದು, ಒಳ್ಳೆಯದೂ ಹೌದು. ಆದರೆ ಇಂಥ ಆಸೆ ಹೊತ್ತು ಹೋದವರಿಗೆ ಪ್ರಯೋಗಶಾಲೆಯಲ್ಲಿ ಮೊದಲು ಸಿಗುವ ಕೆಲಸ ಎಂಥದ್ದಿರಬಹುದು? ಮಿದುಳಿನ ಗುಟ್ಟನ್ನೆಲ್ಲ ಮೊದಲ ದಿನವೇ ಯಾರಾದರೂ ತಟ್ಟೆಯಲ್ಲಿಟ್ಟು ಕೊಡುತ್ತಾರೆಯೇ? ಇಲ್ಲ. ಏನು ಕೊಡುತ್ತಾರೆ ಎಂಬುದನ್ನು ತಿಳಿಯಲು ಈ ವಾರ ನಾವು ಇಟಲಿ ದೇಶದ ಟ್ಯೂರಿನ್ ನಗರಕ್ಕೆ ಹೋಗೋಣ. ತೊಂಬತ್ತು ವರ್ಷಗಳಿಗೂ ಹಿಂದೆ ಅಲ್ಲಿ ಒಬ್ಬ ಹುಡುಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಳು. ಅವಳ ಹೆಸರು ರೀಟಾ ಲೆವಿ-ಮೊಂತಾಲ್ಚೀನಿ. ಹೆಸರು ಉದ್ದವಾಯಿತು ಅಲ್ಲವೇ? ನಾವು ರೀಟಾ ಎಂದೇ ಕರೆಯೋಣ.

ಬೇಡ ಎಂದ ಅಪ್ಪ

ರೀಟಾ ಹುಟ್ಟಿದ್ದು 1909ರ ಏಪ್ರಿಲ್ 22ರಂದು. ಅವಳ ಜೊತೆಯಲ್ಲೇ ಹುಟ್ಟಿದ ಅವಳಿ ಸೋದರಿ ಪಾವೊಲಾ. ಇವರಿಬ್ಬರಿಗಿಂತ ದೊಡ್ಡವರು ಒಬ್ಬ ಅಣ್ಣ, ಒಬ್ಬ ಅಕ್ಕ. ತಾಯಿ ಚಿತ್ರ ಬರೆಯುತ್ತಿದ್ದರು. ತಂದೆ ಅದಾಮೊ ಲೆವಿ ಎಂಜಿನಿಯರು. ಮಕ್ಕಳನ್ನು ಬಹಳ ಪ್ರೀತಿಸುತ್ತಿದ್ದ ಮನುಷ್ಯ. ಆದರೆ ಅವರ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಹೆಣ್ಣುಮಕ್ಕಳು ಹೆಚ್ಚು ಓದಿ ಉದ್ಯೋಗಕ್ಕೆ ಹೋದರೆ ಗಂಡ, ಮನೆ, ಮಕ್ಕಳು ಎಂಬ ಕರ್ತವ್ಯಕ್ಕೆ ಅಡ್ಡಿಯಾಗುತ್ತದೆ ಎಂಬುದು ಆ ಮಾತು. ಹಾಗಾಗಿ ಮೂವರು ಹೆಣ್ಣುಮಕ್ಕಳನ್ನೂ ವಿಶ್ವವಿದ್ಯಾಲಯಕ್ಕೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿದ್ದರು. ರೀಟಾ ಓದಿದ್ದು ಹುಡುಗಿಯರ ಶಾಲೆಯಲ್ಲಿ. ವಿಶ್ವವಿದ್ಯಾಲಯ ಸೇರಬೇಕಾದರೆ ಬೇಕಿದ್ದ ಲ್ಯಾಟಿನ್, ಗ್ರೀಕ್ ಭಾಷೆಗಳ ಕಲಿಕೆ ಅವಳಿಗೆ ಸಿಕ್ಕಿರಲಿಲ್ಲ.

ಈ ಮಾತು ಓದುವಾಗ ಕೆಲವು ಅಜ್ಜಿಯರು ಕನ್ನಡಕ ತೆಗೆದು ಒರೆಸಿಕೊಂಡಿರಬಹುದು. “ನನಗೂ ಏಳನೇ ಕ್ಲಾಸಿಗೇ ಬಿಡಿಸಿದ್ರು” ಎಂದು ಹೇಳುವ ಅಜ್ಜಿಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ! ಮಕ್ಕಳೇ, ಓದು ಇಲ್ಲಿಗೇ ನಿಲ್ಲಿಸಿ ನಿಮ್ಮ ಅಜ್ಜಿಯನ್ನು ಒಮ್ಮೆ ಕೇಳಿ: “ಅಜ್ಜಿ, ನಿಂಗೆ ಮುಂದೆ ಓದ್ಬೇಕು ಅಂತ ಆಸೆ ಇತ್ತಾ?” ಉತ್ತರ ಕೇಳಿಕೊಂಡು ಮತ್ತೆ ಬನ್ನಿ, ನಾನು ಕಾಯುತ್ತೇನೆ.

ರೀಟಾಳಿಗೆ ಹದಿಹರೆಯದಲ್ಲಿ ಬರಹಗಾರ್ತಿಯಾಗುವ ಆಸೆಯಿತ್ತು. ಸ್ವೀಡನ್ನಿನ ಲೇಖಕಿ ಸೆಲ್ಮಾ ಲಾಗರ್ಲಾಫ್ ಅವರ ಪುಸ್ತಕಗಳೆಂದರೆ ಅವಳಿಗೆ ಪ್ರಾಣ. ಹೀಗಿರುವಾಗ ಮನೆಯಲ್ಲಿ ಒಂದು ದುಃಖದ ಸಂಗತಿ ನಡೆಯಿತು. ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದ ಜೊವಾನ್ನಾ ಎಂಬ ಹೆಂಗಸಿಗೆ ಹೊಟ್ಟೆಯ ಕ್ಯಾನ್ಸರ್ ಬಂದಿತು. ಆಕೆ ಬದುಕಲಿಲ್ಲ. ಮನೆಯವರಂತೆಯೇ ಇದ್ದ ಜೊವಾನ್ನಾಳ ಕಷ್ಟ ನೋಡಿದ ರೀಟಾ ಮನಸ್ಸು ಗಟ್ಟಿ ಮಾಡಿಕೊಂಡಳು: ತಾನು ವೈದ್ಯಕೀಯ ಓದಬೇಕು.

ಆಗ ಅವಳಿಗೆ ಇಪ್ಪತ್ತು ವರ್ಷ. ಅಪ್ಪನ ಮುಂದೆ ನಿಂತು ಕೇಳಿದಳು. ಅಪ್ಪನಿಗೆ ಇಷ್ಟವಿರಲಿಲ್ಲ. ಆದರೂ ಮಗಳ ನಿಶ್ಚಯ ನೋಡಿ ಒಪ್ಪಿದರು. ಮುಂದಿನದು ಓಟದ ಸ್ಪರ್ಧೆಯಂತೆಯೇ ಆಯಿತು. ಉಳಿದವರು ವರ್ಷಗಟ್ಟಲೆ ಕಲಿಯುವ ಲ್ಯಾಟಿನ್, ಗ್ರೀಕ್, ಗಣಿತಗಳನ್ನು ರೀಟಾ ಎಂಟೇ ತಿಂಗಳಲ್ಲಿ ಕಲಿತು ಪರೀಕ್ಷೆ ಪಾಸು ಮಾಡಿದಳು. ಅವಳ ಜೊತೆ ಕೂತು ಓದಿದವಳು ಸಂಬಂಧಿಯೇ ಆದ ಯುಜೀನಿಯಾ. ಆಕೆಯೂ ಮುಂದೆ ಅರ್ಜೆಂಟೀನಾ ದೇಶದಲ್ಲಿ ದೊಡ್ಡ ವಿಜ್ಞಾನಿಯಾದಳು.

1930ರಲ್ಲಿ ರೀಟಾ ಟ್ಯೂರಿನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸೇರಿದಳು. ತರಗತಿ ತುಂಬ ಹುಡುಗರು. ಹುಡುಗಿಯರು ಬೆರಳೆಣಿಕೆಯಷ್ಟು. ಎರಡು ವರ್ಷ ಕಳೆಯುವಷ್ಟರಲ್ಲಿ, 1932ರಲ್ಲಿ, ಅಪ್ಪ ತೀರಿಕೊಂಡರು. ಮಗಳು ಡಾಕ್ಟರಾದುದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಗುರು ಕೊಟ್ಟ ಕೆಲಸ

ಆ ಕಾಲೇಜಿನಲ್ಲಿ ಶರೀರರಚನೆ ಕಲಿಸುತ್ತಿದ್ದವರು ಜ್ಯುಸೆಪ್ಪೆ ಲೆವಿ ಎಂಬ ಪ್ರೊಫೆಸರು. ರೀಟಾಳ ಮನೆತನದ ಹೆಸರೂ ಲೆವಿ, ಇವರ ಹೆಸರೂ ಲೆವಿ, ಆದರೆ ಸಂಬಂಧಿಕರಲ್ಲ. ಸಿಟ್ಟಿಗೆ ಹೆಸರಾದ ಮೇಷ್ಟ್ರು. ಕೂಗಿದರೆ ಓಣಿಯ ಆ ತುದಿಗೆ ಕೇಳಬೇಕು. ಆದರೆ ಅವರ ಕೈಕೆಳಗೆ ಕಲಿತವರ ಪಟ್ಟಿ ನೋಡಿ: ರೀಟಾಳ ಜೊತೆ ಓದುತ್ತಿದ್ದ ಸಾಲ್ವಡೊರ್ ಲೂರಿಯಾ 1969ರಲ್ಲಿ, ಇನ್ನೊಬ್ಬ ಗೆಳೆಯ ರೆನಾಟೊ ಡುಲ್ಬೆಕೊ 1975ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ರೀಟಾಳ ಸರದಿ ಯಾವಾಗ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಪ್ರಯೋಗಶಾಲೆಗೆ ಸೇರಿದ ರೀಟಾಳಿಗೆ ಲೆವಿ ಮೇಷ್ಟ್ರು ಒಂದು ಕೆಲಸ ಕೊಟ್ಟರು. ರೋಗಿಗಳನ್ನು ನೋಡುವುದಲ್ಲ, ಹೊಸ ಔಷಧ ಹುಡುಕುವುದಲ್ಲ. ಪುಟ್ಟ ಇಲಿಗಳ ನರಗಂಟುಗಳಲ್ಲಿ ಎಷ್ಟು ನರಕೋಶಗಳಿವೆ ಎಂದು ಎಣಿಸುವುದು!

ನರಗಂಟು ಎಂದರೆ ಏನು? ನಮ್ಮ ದೇಹದಲ್ಲಿ ನೋವು, ಬಿಸಿ, ತಣ್ಣಗೆ ಮುಂತಾದ ಸುದ್ದಿಗಳನ್ನು ಮಿದುಳಿಗೆ ಮುಟ್ಟಿಸುವವು ನರಕೋಶಗಳು. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಈ ಕೋಶಗಳು ಗುಂಪು ಗುಂಪಾಗಿ ಕೂಡಿಕೊಂಡಿರುತ್ತವೆ. ಆ ಗುಂಪೇ ನರಗಂಟು. ಅದನ್ನು ಬಾಳೆಕಾಯಿ ಚಿಪ್ಸಿಗಿಂತ ಎಷ್ಟೋ ಪಟ್ಟು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಬೇಕು. ಗಾಜಿನ ಮೇಲಿಟ್ಟು ಬಣ್ಣ ಹಾಕಬೇಕು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಬೇಕು. ಒಂದು ಬಿಲ್ಲೆ ಮುಗಿದರೆ ಇನ್ನೊಂದು. ಅದು ಮುಗಿದರೆ ಮತ್ತೊಂದು. ಒಂದು ಇಲಿ ಮುಗಿದರೆ ಮತ್ತೊಂದು ಇಲಿ.

ಎಂಟು ತಿಂಗಳು ನಿದ್ದೆಗೆಟ್ಟು ಓದಿ, ಅಪ್ಪನನ್ನು ಒಪ್ಪಿಸಿ ಬಂದ ಹುಡುಗಿಗೆ ಸಿಕ್ಕಿದ್ದು ಇದು. ರೀಟಾಳಿಗೆ ಈ ಕೆಲಸ ಸ್ವಲ್ಪವೂ ಹಿಡಿಸಲಿಲ್ಲ. ಎರಡನೆಯ ಕೆಲಸವಾಗಿ ಮಿದುಳಿನ ಮೇಲಿನ ಮಡಿಕೆಗಳು ಹೇಗೆ ಮೂಡುತ್ತವೆ ಎಂದು ನೋಡಲು ಮೇಷ್ಟ್ರು ಹೇಳಿದರು. ಅದು ಕೈಗೂಡಲೇ ಇಲ್ಲ. ಆಮೇಲೆ ದೇಹದ ಚೂರುಗಳನ್ನು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿ ಬೆಳೆಸುವ ವಿದ್ಯೆಯನ್ನು ಕಲಿತಳು. ಹೀಗೆ ಬೇಸರದ ಒಂದು ಕೆಲಸ, ಸೋತ ಒಂದು ಕೆಲಸ, ಕಲಿತ ಒಂದು ಕೆಲಸ, ಇಷ್ಟು ಗಂಟು ಕಟ್ಟಿಕೊಂಡು 1936ರಲ್ಲಿ ಅತ್ಯುನ್ನತ ದರ್ಜೆಯಲ್ಲಿ ಪಾಸಾದಳು.

ಡಾಕ್ಟರಾದ ಮೇಲೆ ನಾವೂ ಮರ್ಯಾದೆ ಕೊಡಬೇಕಲ್ಲ? ಇನ್ನು ಮುಂದೆ ‘ಅವಳು’ ಬೇಡ, ‘ಅವರು’ ಎನ್ನೋಣ.

ಮಲಗುವ ಕೋಣೆಯಲ್ಲಿ ಪ್ರಯೋಗಶಾಲೆ

ರೀಟಾ ಅವರು ನರರೋಗಗಳ ಬಗ್ಗೆ ಹೆಚ್ಚಿನ ಓದಿಗೆ ಸೇರಿಕೊಂಡರು. ಅಷ್ಟರಲ್ಲಿ ದೇಶದ ಗಾಳಿ ಕೆಟ್ಟಿತು. ಇಟಲಿಯನ್ನು ಆಳುತ್ತಿದ್ದವನು ಮುಸೊಲಿನಿ ಎಂಬ ಸರ್ವಾಧಿಕಾರಿ. 1938ರಲ್ಲಿ ಅವನ ಸರ್ಕಾರ ಯಹೂದಿ ಜನರ ವಿರುದ್ಧ ಕಾನೂನುಗಳನ್ನು ತಂದಿತು. ಯಹೂದಿಗಳು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವಂತಿಲ್ಲ. ರೀಟಾ ಅವರದು ಯಹೂದಿ ಕುಟುಂಬ. ಯಾವ ಬಾಗಿಲನ್ನು ಅಷ್ಟು ಕಷ್ಟಪಟ್ಟು ತೆರೆಸಿದ್ದರೋ ಆ ಬಾಗಿಲು ಮುಚ್ಚಿತು. ಲೆವಿ ಮೇಷ್ಟ್ರೂ ಕೆಲಸ ಕಳೆದುಕೊಂಡರು.

ಸ್ವಲ್ಪ ದಿನ ಬೆಲ್ಜಿಯಂ ದೇಶದಲ್ಲಿದ್ದು ರೀಟಾ ಮನೆಗೆ ಮರಳಿದರು. ಅಮೆರಿಕಕ್ಕೆ ಹೋಗಿಬಿಡೋಣವೇ ಎಂಬ ಯೋಚನೆ ಬಂದರೂ ಮನೆಯವರು ಊರಲ್ಲೇ ಉಳಿಯುವುದೆಂದು ತೀರ್ಮಾನಿಸಿದರು. ಸುಮ್ಮನೆ ಕೂರುವುದು ರೀಟಾ ಅವರ ಜಾಯಮಾನವಲ್ಲ. ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗಶಾಲೆ ಕಟ್ಟಿದರು!

ಹೊಲಿಗೆ ಸೂಜಿಗಳನ್ನು ಸಾಣೆ ಹಿಡಿದು ಪುಟ್ಟ ಚಾಕು ಮಾಡಿಕೊಂಡರು. ಗಡಿಯಾರ ರಿಪೇರಿ ಮಾಡುವವರ ಸಣ್ಣ ಚಿಮುಟ, ಕಣ್ಣಿನ ಡಾಕ್ಟರು ಬಳಸುವ ಪುಟಾಣಿ ಕತ್ತರಿ, ಮೊಟ್ಟೆಗೆ ಕಾವು ಕೊಡಲು ಒಂದು ಪೆಟ್ಟಿಗೆ, ಒಂದು ಸೂಕ್ಷ್ಮದರ್ಶಕ ಸೇರಿಸಿಕೊಂಡರು. ಪ್ರಯೋಗಕ್ಕೆ ಬೇಕಾದದ್ದು ಕೋಳಿಮೊಟ್ಟೆ. ಕೆಲಸವಿಲ್ಲದೆ ಕೂತಿದ್ದ ಲೆವಿ ಮೇಷ್ಟ್ರು ಬಂದು ಶಿಷ್ಯೆಗೆ ಸಹಾಯಕರಾಗಿ ಸೇರಿಕೊಂಡರು. ಒಂದು ಕಾಲದಲ್ಲಿ ಎಣಿಸುವ ಕೆಲಸ ಕೊಟ್ಟ ಗುರು, ಈಗ ಶಿಷ್ಯೆಯ ಮಲಗುವ ಕೋಣೆಯಲ್ಲಿ ಅವಳಿಗೇ ಕೈನೆರವಾದರು.

ಹುಡುಕುತ್ತಿದ್ದುದೇನು? ಅಮೆರಿಕದಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿ 1934ರಲ್ಲಿ ಒಂದು ಲೇಖನ ಬರೆದಿದ್ದರು. ಮೊಟ್ಟೆಯೊಳಗೆ ಬೆಳೆಯುತ್ತಿರುವ ಮರಿಗೆ ರೆಕ್ಕೆಯೋ ಕಾಲೋ ಮೂಡುವ ಜಾಗದಲ್ಲಿ ಒಂದು ಮೊಗ್ಗು ಇರುತ್ತದೆ. ಆ ಮೊಗ್ಗನ್ನು ತೆಗೆದುಬಿಟ್ಟರೆ ಆ ಕಡೆಯ ನರಕೋಶಗಳು ಕಡಿಮೆಯಾಗುತ್ತವೆ ಎಂದು ಅವರು ಕಂಡಿದ್ದರು. ಕಾಲು ಇಲ್ಲದಿದ್ದರೆ ನರಕೋಶಗಳು ಹುಟ್ಟಿ ಬಲಿಯುವುದೇ ಇಲ್ಲ ಎಂದು ಅವರ ಊಹೆ.

ರೀಟಾ ಅವರು ಮೊಟ್ಟೆಗಳನ್ನು ಒಂದೊಂದು ದಿನ ಬಿಟ್ಟು ಒಂದೊಂದು ದಿನ ತೆರೆದು ನೋಡಿದರು. ತೆಳ್ಳಗೆ ಬಿಲ್ಲೆ ಮಾಡಿದರು. ಬೆಳ್ಳಿಯ ರಾಸಾಯನಿಕದಿಂದ ಬಣ್ಣ ಕೊಟ್ಟರು. ಆಮೇಲೆ? ಆಮೇಲೆ ಎಣಿಸಿದರು! ಅದೇ ಬೇಸರದ ಎಣಿಕೆ. ಆದರೆ ಈಗ ಆ ಎಣಿಕೆ ಮಾತಾಡತೊಡಗಿತು. ಮೊದಮೊದಲು ನರಕೋಶಗಳು ಸರಿಯಾಗಿಯೇ ಹುಟ್ಟುತ್ತವೆ, ಬೆಳೆಯಲು ತೊಡಗುತ್ತವೆ, ಆಮೇಲೆ ಸಾಯುತ್ತವೆ. ಅಂದರೆ ಹುಟ್ಟದೇ ಇರುವುದಲ್ಲ, ಹುಟ್ಟಿದ ಮೇಲೆ ಬದುಕಲು ಬೇಕಾದ ಏನೋ ಒಂದು ಸಿಗದೆ ಸಾಯುವುದು. ಕಾಲು, ರೆಕ್ಕೆ ಇದ್ದರೆ ಅಲ್ಲಿಂದ ಆ ‘ಏನೋ’ ಬರುತ್ತದೆ ಎಂದಾಯಿತು. ತವರಿನಿಂದ ಬುತ್ತಿ ಬಂದಂತೆ.

ದೊಡ್ಡ ಪ್ರಶ್ನೆ ಹುಟ್ಟಿದ್ದು ಹೀಗೆ: ಆ ಬುತ್ತಿಯಲ್ಲಿ ಏನಿದೆ?

ಸೈಕಲ್ ಮೇಲೆ ಮೊಟ್ಟೆ

ಮಹಾಯುದ್ಧ ನಡೆಯುತ್ತಿತ್ತು. ಟ್ಯೂರಿನ್ ಮೇಲೆ ಬಾಂಬು ಬೀಳತೊಡಗಿದಾಗ ಕುಟುಂಬ ಹಳ್ಳಿಯ ಮನೆಯೊಂದಕ್ಕೆ ಹೋಯಿತು. ರೀಟಾ ಅಲ್ಲಿಯೂ ಪ್ರಯೋಗಶಾಲೆ ಹೂಡಿದರು. ಯುದ್ಧಕಾಲದಲ್ಲಿ ಮೊಟ್ಟೆ ಸಿಗುವುದು ಕಷ್ಟ. ಸೈಕಲ್ ಹತ್ತಿ ರೈತರ ಮನೆಮನೆಗೆ ಹೋಗಿ, ಮಕ್ಕಳಿಗೆ ಬೇಕು, ಹುಂಜದ ಜೊತೆಯಿರುವ ಕೋಳಿಯ ಮೊಟ್ಟೆಯೇ ಆಗಬೇಕು ಎಂದು ಕೇಳಿ ತರುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಉಳಿದ ಮೊಟ್ಟೆಯ ಭಾಗ ಅಡುಗೆಮನೆಗೆ ಹೋಗಿ ಆಮ್ಲೆಟ್ ಆಗುತ್ತಿತ್ತು. ಆ ಮೊಟ್ಟೆ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದ ಮೇಲೆ ಅಣ್ಣ ಆ ಆಮ್ಲೆಟ್ ಮುಟ್ಟಲಿಲ್ಲವಂತೆ!

ಇಟಲಿಯ ಪತ್ರಿಕೆಗಳು ಯಹೂದಿಗಳ ಲೇಖನ ಅಚ್ಚು ಹಾಕುವಂತಿರಲಿಲ್ಲ. ಹಾಗಾಗಿ ಈ ಕೆಲಸದ ವರದಿ ಬೆಲ್ಜಿಯಂನ ಪತ್ರಿಕೆಯಲ್ಲಿ ಪ್ರಕಟವಾಯಿತು. 1943ರಲ್ಲಿ ಜರ್ಮನ್ ಸೈನ್ಯ ಇಟಲಿಗೆ ನುಗ್ಗಿದಾಗ ಜೀವ ಉಳಿಸಿಕೊಳ್ಳುವುದೇ ಮುಖ್ಯವಾಯಿತು. ಕುಟುಂಬ ಫ್ಲಾರೆನ್ಸ್ ನಗರಕ್ಕೆ ಓಡಿಹೋಗಿ ಗುರುತು ಮರೆಸಿಕೊಂಡು ಬದುಕಿತು. 1944ರಲ್ಲಿ ಫ್ಲಾರೆನ್ಸ್ ಬಿಡುಗಡೆಯಾದ ಮೇಲೆ ರೀಟಾ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರಾಗಿ ದುಡಿದರು. ಸಾಂಕ್ರಾಮಿಕ ರೋಗಗಳು ಅಲ್ಲಿ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದವು. ಕಣ್ಣೆದುರೇ ಸಾವು ನೋಡಿದ ದಿನಗಳವು.

ಯುದ್ಧ ಮುಗಿಯಿತು. ಮಲಗುವ ಕೋಣೆಯ ಪ್ರಯೋಗದ ವರದಿಯನ್ನು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಬ್ಬರು ಓದಿದ್ದರು. ಯಾರು ಹೇಳಿ ನೋಡೋಣ? ಅವರೇ, ಹ್ಯಾಂಬರ್ಗರ್! ತಮ್ಮ ಊಹೆಯನ್ನು ಪ್ರಶ್ನಿಸಿದವರ ಮೇಲೆ ಅವರು ಮುನಿಸಿಕೊಳ್ಳಲಿಲ್ಲ. ಬನ್ನಿ, ಇಬ್ಬರೂ ಸೇರಿ ಮತ್ತೆ ಮಾಡಿ ನೋಡೋಣ ಎಂದು ಕರೆಸಿಕೊಂಡರು. 1947ರಲ್ಲಿ ಒಂದು ವರ್ಷದ ಮಟ್ಟಿಗೆಂದು ಹೋದ ರೀಟಾ ಅವರ ನಂಟು ಆ ವಿಶ್ವವಿದ್ಯಾಲಯದೊಂದಿಗೆ ಮೂವತ್ತು ವರ್ಷ ಉಳಿಯಿತು.

ಬುತ್ತಿ ಸಿಕ್ಕಿತು

ಇಲಿಯ ಒಂದು ಬಗೆಯ ಗಡ್ಡೆಯನ್ನು ಕೋಳಿಮರಿಯ ಭ್ರೂಣಕ್ಕೆ ಕೂಡಿಸಿದರೆ ನರಗಳು ಆ ಗಡ್ಡೆಯ ಕಡೆಗೆ ಹುಚ್ಚುಹಿಡಿದಂತೆ ಬೆಳೆಯುತ್ತಿದ್ದವು. ಹಾಗಾದರೆ ಆ ಗಡ್ಡೆಯಲ್ಲಿ ನರಗಳಿಗೆ ಬೇಕಾದ ಏನೋ ಇದೆ! 1952ರಲ್ಲಿ ರೀಟಾ ಎರಡು ಇಲಿಗಳನ್ನು ಜೊತೆಯಲ್ಲಿಟ್ಟುಕೊಂಡು ವಿಮಾನ ಹತ್ತಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊಗೆ ಹೋದರು. ಅಲ್ಲಿ ಗೆಳತಿ ಹರ್ತಾ ಮೇಯರ್ ಅವರ ಪ್ರಯೋಗಶಾಲೆಯಲ್ಲಿ ನರಗಂಟನ್ನೂ ಗಡ್ಡೆಯ ಚೂರನ್ನೂ ಗಾಜಿನ ಮೇಲೆ ಹತ್ತಿರ ಹತ್ತಿರ ಇಟ್ಟು ಬೆಳೆಸಿದರು. ಕಾಲೇಜಿನಲ್ಲಿ ಲೆವಿ ಮೇಷ್ಟ್ರಿಂದ ಕಲಿತಿದ್ದರಲ್ಲ, ಆ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು. ಒಂದೇ ದಿನದಲ್ಲಿ ನರಗಂಟಿನ ಸುತ್ತ ಸೂರ್ಯನ ಕಿರಣಗಳಂತೆ ನರದ ಎಳೆಗಳು ಹೊರಟವು.

ಮುಂದಿನ ವರ್ಷ ಸ್ಟ್ಯಾನ್ಲಿ ಕೊಹೆನ್ ಎಂಬ ರಸಾಯನ ವಿಜ್ಞಾನಿ ಜೊತೆಗೂಡಿದರು. ಆ ವಸ್ತುವನ್ನು ಹುಡುಕುತ್ತ ಹೋದಾಗ ಹಾವಿನ ವಿಷದಲ್ಲಿ ಅದು ಹೇರಳವಾಗಿ ಸಿಕ್ಕಿತು! ಆಮೇಲೆ ಇಲಿಯ ಜೊಲ್ಲುಗ್ರಂಥಿಯಲ್ಲಿ ಇನ್ನೂ ಹೆಚ್ಚಾಗಿ ಸಿಕ್ಕಿತು. ಅದು ಒಂದು ಪ್ರೋಟೀನು. ನರಗಳನ್ನು ಬೆಳೆಸಿ ಬದುಕಿಸುವ ವಸ್ತುವಾದ್ದರಿಂದ ‘ನರ ಬೆಳವಣಿಗೆಯ ಅಂಶ’ ಎಂದು ಕರೆದರು. ವಿಜ್ಞಾನಿಗಳು ಚುಟುಕಾಗಿ ಎನ್‌ಜಿಎಫ್ ಎನ್ನುತ್ತಾರೆ.

ದೇಹದ ಅಂಗಗಳು ರಾಸಾಯನಿಕ ಸಂದೇಶ ಕಳಿಸಿ ನರಕೋಶಗಳನ್ನು ಕಾಪಾಡುತ್ತವೆ ಎಂಬುದು ಆ ಕಾಲಕ್ಕೆ ಹೊಸ ಮಾತು. 1986ರಲ್ಲಿ ರೀಟಾ ಮತ್ತು ಕೊಹೆನ್ ಅವರಿಗೆ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಬಂದಿತು. ಆಗ ರೀಟಾ ಅವರಿಗೆ ಎಪ್ಪತ್ತೇಳು ವರ್ಷ. ಲೆವಿ ಮೇಷ್ಟ್ರ ಆ ಮೂವರು ಶಿಷ್ಯರಲ್ಲಿ ಕೊನೆಯ ಸರದಿ ಇವರದು. ಕಣ್ಣಿನ ಮುಂಭಾಗದ ನರಗಳು ಕೆಟ್ಟು ಗಾಯ ಮಾಯದೆ ಇರುವ ಒಂದು ಅಪರೂಪದ ಕಾಯಿಲೆಯಿದೆ. ಅದಕ್ಕೆ ಎನ್‌ಜಿಎಫ್‌ನಿಂದಲೇ ಮಾಡಿದ ಕಣ್ಣಿನ ಹನಿ ಔಷಧಕ್ಕೆ 2017ರಲ್ಲಿ ಯುರೋಪಿನಲ್ಲಿ, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಳಿಮೊಟ್ಟೆಯ ಮುಂದೆ ಕೂತು ಎಣಿಸಿದ ಲೆಕ್ಕ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಅಜ್ಜ-ಅಜ್ಜಿಯರೇ, ಇದು ನಿಮಗಾಗಿ. ರೀಟಾ ಅವರು ತೊಂಬತ್ತೆರಡನೆಯ ವಯಸ್ಸಿನಲ್ಲಿ, 2001ರಲ್ಲಿ, ಇಟಲಿಯ ಸಂಸತ್ತಿನ ಆಜೀವ ಸದಸ್ಯರಾದರು. ನೂರು ವರ್ಷ ತುಂಬಿದ ಮೊದಲ ನೊಬೆಲ್ ವಿಜೇತರು ಅವರೇ. 2012ರ ಡಿಸೆಂಬರ್ 30ರಂದು ತೀರಿಕೊಂಡಾಗ ಅವರಿಗೆ ನೂರಾ ಮೂರು ವರ್ಷ. ಅವಳಿ ಸೋದರಿ ಪಾವೊಲಾ ಜೊತೆ ಸೇರಿ 1992ರಲ್ಲಿ ಅವರೊಂದು ಪ್ರತಿಷ್ಠಾನ ಸ್ಥಾಪಿಸಿದ್ದರು. ಅದು ಆಫ್ರಿಕಾದ ಹೆಣ್ಣುಮಕ್ಕಳ ಓದಿಗೆ ನೆರವು ನೀಡಿತು. ಅದನ್ನು ಸ್ಥಾಪಿಸಿದ್ದು ಯಾರ ನೆನಪಿನಲ್ಲಿ ಗೊತ್ತೇ? ಮಗಳ ಓದು ಬೇಡವೆಂದು ಮೊದಲು ಹೇಳಿ, ಕೊನೆಗೆ ಹೂಂ ಎಂದ ಅಪ್ಪನ ನೆನಪಿನಲ್ಲಿ.

ನಮ್ಮ ನಾಡಿನಲ್ಲಿ

“ಇಟಲಿಯ ಮಾತಾಯಿತು, ನಮ್ಮಲ್ಲಿ ಮಿದುಳಿನ ಬಗ್ಗೆ ಓದಬೇಕೆನ್ನುವವರು ಎಲ್ಲಿಗೆ ಹೋಗಬೇಕು?” ಎಂದು ನೀವು ಕೇಳಬಹುದು. ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಮಿದುಳು, ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವುದರ ಜೊತೆಗೆ ಸಂಶೋಧನೆಯೂ ಅಲ್ಲಿ ನಡೆಯುತ್ತದೆ. ಅಲ್ಲೊಂದು ಮಿದುಳಿನ ಸಂಗ್ರಹಾಲಯವಿದೆ. ಪುಸ್ತಕದಲ್ಲಿ ಚಿತ್ರ ನೋಡುವ ಬದಲು ನಿಜವಾದ ಮಿದುಳನ್ನೇ ಅಲ್ಲಿ ಕಾಣಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರಲ್ಲ ಅಲ್ಲಿ, ನರವಿಜ್ಞಾನಕ್ಕೆಂದೇ ವಿಭಾಗವಿದೆ. ಅದೇ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವೂ ಇದೆ.

ಆ ಕೇಂದ್ರದವರು ಮಾಡುತ್ತಿರುವ ಒಂದು ಕೆಲಸ ಕೇಳಿದರೆ ಅಜ್ಜ-ಅಜ್ಜಿಯರಿಗೆ ಸಂತೋಷವಾಗಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಗಳ ಕಾಲ ಗಮನಿಸುವ ಯೋಜನೆ ಅದು. ನೆನಪಿನ ಶಕ್ತಿ ಹೇಗಿದೆ, ರಕ್ತದಲ್ಲಿ ಏನಿದೆ, ಮಿದುಳಿನ ಸ್ಕ್ಯಾನ್‌ನಲ್ಲಿ ಏನು ಕಾಣುತ್ತದೆ ಎಂದು ಪರೀಕ್ಷಿಸುತ್ತಾರೆ. ಸ್ವಲ್ಪ ಕಾಲದ ನಂತರ ಮತ್ತೆ ಅವರನ್ನೇ ಪರೀಕ್ಷಿಸುತ್ತಾರೆ. ವಯಸ್ಸಾದಂತೆ ಕೆಲವರಿಗೆ ಮಾತ್ರ ಮರೆವಿನ ಕಾಯಿಲೆ ಬರುವುದೇಕೆ, ಉಳಿದವರ ನೆನಪು ಗಟ್ಟಿಯಾಗಿ ಉಳಿಯುವುದೇಕೆ ಎಂದು ತಿಳಿಯುವುದು ಉದ್ದೇಶ. ಇದೂ ಒಂದು ಬಗೆಯ ಎಣಿಕೆಯೇ ಅಲ್ಲವೇ? ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ರಾಗಿ, ಟೊಮೆಟೊ, ಮಾವು ಬೆಳೆದ ಕೈಗಳು ಈಗ ವಿಜ್ಞಾನಕ್ಕೂ ಬೆಳೆ ತೆಗೆದುಕೊಡುತ್ತಿವೆ.

ನೀವೂ ಎಣಿಸಿ

ಈಗ ಒಂದು ಪ್ರಶ್ನೆ. ಮನುಷ್ಯನ ಮಿದುಳಿನಲ್ಲಿ ಒಟ್ಟು ಎಷ್ಟು ನರಕೋಶಗಳಿವೆ? ಬಹಳ ಕಾಲ ಪುಸ್ತಕಗಳೆಲ್ಲ ಹತ್ತು ಸಾವಿರ ಕೋಟಿ ಎಂದು ಬರೆದವು. ಯಾರೂ ಸರಿಯಾಗಿ ಎಣಿಸಿರಲಿಲ್ಲ, ಒಬ್ಬರು ಬರೆದುದನ್ನು ಇನ್ನೊಬ್ಬರು ಬರೆಯುತ್ತ ಬಂದಿದ್ದರು. ಬ್ರೆಜಿಲ್ಲಿನ ವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಅವರ ಜೊತೆಗಾರರು ಒಂದು ಉಪಾಯ ಹೂಡಿದರು. ದಾನವಾಗಿ ಬಂದ ಮಿದುಳನ್ನು ಸಾರಿನಂತೆ ಕದಡಿದರು. ಚೆನ್ನಾಗಿ ಕಲಕಿ, ಅದರಲ್ಲಿ ಒಂದು ಹನಿ ತೆಗೆದು, ಆ ಹನಿಯಲ್ಲಿ ಎಷ್ಟು ಕೋಶಗಳ ಬೀಜಗಳಿವೆ ಎಂದು ಎಣಿಸಿ, ಒಟ್ಟು ಸಾರಿಗೆ ಲೆಕ್ಕ ಹಾಕಿದರು. 2009ರಲ್ಲಿ ಉತ್ತರ ಪ್ರಕಟವಾಯಿತು: ಸುಮಾರು 8,600 ಕೋಟಿ. ಹಳೆಯ ಪುಸ್ತಕಕ್ಕಿಂತ 1,400 ಕೋಟಿ ಕಡಿಮೆ!

ಈ ಉಪಾಯವನ್ನು ನೀವು ಇಂದು ಸಂಜೆ ಮನೆಯಲ್ಲೇ ಮಾಡಿ ನೋಡಬಹುದು. ಅಜ್ಜಿಯ ಬಳಿ ಒಂದು ಲೋಟ ಹೆಸರುಕಾಳು ಕೇಳಿ. ಅದರಲ್ಲಿ ಎಷ್ಟು ಕಾಳುಗಳಿವೆ? ಮೊದಲು ಮನೆಯವರೆಲ್ಲ ಒಂದೊಂದು ಊಹೆ ಹೇಳಿ ಬರೆದಿಡಿ. ಆಮೇಲೆ ಒಂದು ಚಮಚ ಕಾಳು ತೆಗೆದು ತಟ್ಟೆಯ ಮೇಲೆ ಹರಡಿ ಎಣಿಸಿ. ಲೋಟ ತುಂಬಲು ಅಂಥ ಚಮಚ ಎಷ್ಟು ಬೇಕು ಎಂದು ಅಳೆದು ಗುಣಿಸಿ. ಇಷ್ಟಕ್ಕೇ ಬಿಡಬೇಡಿ. ಇನ್ನೊಂದು ಚಮಚ ತೆಗೆದು ಎಣಿಸಿ. ಮೊದಲಿನ ಸಂಖ್ಯೆಯೇ ಬಂತೇ? ಇಲ್ಲ ತಾನೇ? ಮೂರನೆಯ ಸಲ ಅಜ್ಜ ಎಣಿಸಲಿ. ಮೂರರ ಸರಾಸರಿ ತೆಗೆಯಿರಿ. ಯಾರ ಊಹೆ ಹತ್ತಿರವಿತ್ತು ಎಂದು ನೋಡಿ. ಎರಡನೆಯ ಚಮಚದ ಹೊತ್ತಿಗೆ ಬೇಸರ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ರೀಟಾಗೂ ಬಂದಿತ್ತು. ಬೇಸರ ಬಂದ ಮೇಲೂ ಲೆಕ್ಕ ತಪ್ಪದಂತೆ ಎಣಿಸುವುದೇ ಆಟದ ಗೆಲುವು. ಮುಗಿದ ಮೇಲೆ ಕಾಳನ್ನು ತೊಳೆದು ನೆನೆಹಾಕಿ, ಬೆಳಿಗ್ಗೆ ಕೋಸಂಬರಿಗಾಯಿತು.

ಕಾಲೇಜಿಗೆ ಹೊರಟ ಅಕ್ಕ-ಅಣ್ಣಂದಿರಿಗೂ ಒಂದು ಮಾತು. ನಿಮ್ಮ ಆಸೆಯನ್ನು ಚಿಕ್ಕದು ಮಾಡಿಕೊಳ್ಳಬೇಡಿ. ಮರೆವಿನ ಕಾಯಿಲೆಗೆ ಮದ್ದು ಹುಡುಕಬೇಕೆಂದಿದ್ದರೆ ಹಾಗೇ ಇರಲಿ. ಆದರೆ ಮೊದಲ ದಿನ ಬಾಟಲಿ ತೊಳೆಯುವ ಕೆಲಸವೋ, ಚುಕ್ಕಿ ಎಣಿಸುವ ಕೆಲಸವೋ ಸಿಕ್ಕರೆ, ಆಸೆಗೆ ಮೋಸವಾಯಿತು ಎಂದುಕೊಳ್ಳಬೇಡಿ. ಹನಿ ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ರೀಟಾ ಅವರಿಂದ ಕಾಲೇಜನ್ನು ಕಿತ್ತುಕೊಂಡರು, ಊರು ಬಿಡಿಸಿದರು, ಹೆಸರನ್ನೂ ಮರೆಸಿಕೊಳ್ಳುವಂತೆ ಮಾಡಿದರು. ಆದರೆ ಸರಿಯಾಗಿ ನೋಡಿ ಸರಿಯಾಗಿ ಎಣಿಸುವ ಕಣ್ಣು ಅವರ ಬಳಿಯೇ ಉಳಿಯಿತು. ಅದನ್ನು ಯಾವ ಕಾನೂನೂ ಕಸಿಯಲಾಗಲಿಲ್ಲ.

ಇನ್ನು ಅಜ್ಜ-ಅಜ್ಜಿಯರಲ್ಲಿ ಒಂದು ಕೋರಿಕೆ. ದೀಪಾವಳಿ ರಜೆಗೆ ಬಂದ ಮೊಮ್ಮಗಳು, “ಇಡೀ ತಿಂಗಳು ಬರೀ ಎಣಿಸಿದ್ದೇ ಆಯ್ತು ಅಜ್ಜಿ” ಎಂದು ಸಪ್ಪೆ ಮುಖ ಮಾಡಿದರೆ, “ಇಷ್ಟಕ್ಕಾ ಅಷ್ಟು ಫೀಸು ಕಟ್ಟಿದ್ದು?” ಎನ್ನಬೇಡಿ. ಹತ್ತಿರ ಕೂರಿಸಿಕೊಂಡು, ತಟ್ಟೆಗೆ ಒಂದು ಒಬ್ಬಟ್ಟು ಹಾಕಿ, ಹೀಗೆ ಕೇಳಿ:

“ಹೌದಾ ಮಗಾ? ಎಷ್ಟಾಯ್ತು ಲೆಕ್ಕ?”